ಗೋಡೆಗೆ ಒತ್ತಿಸಿದ ಮೇಜು

ಬಡಗಿ ಉಜ್ಜುಕಾಗದ ಮಡಚಿಕೊಂಡು ಮೇಜಿನ ಮೇಲೆ ಬಗ್ಗಿದಾಗ, ನೆಲ ಒರೆಸುತ್ತಿದ್ದವಳ ಕೈ ನಿಂತಿತು.

ಬಂದರಿನೆದುರಿನ ಆ ಬಂಗಲೆ ಹಿಂದೆ ಪರದೇಶಿ ವ್ಯಾಪಾರಿಯೊಬ್ಬನದು, ಈಗ ವಸ್ತುಸಂಗ್ರಹಾಲಯ. ಹದಿನೆಂಟು ವರ್ಷದಿಂದ ಅವಳು ಅದರ ನೆಲ ಒರೆಸುತ್ತ ಬಂದಿದ್ದಾಳೆ. ಮಹಡಿಯ ಈ ಮೇಜಿನ ಮೇಲೊಂದು ಸುಟ್ಟ ಕಲೆ. ದೊರೆ ಹಡಗಿನ ನಕ್ಷೆ ನೋಡುವಾಗ ದೀಪ ಉರುಳಿತೆಂದು ಗೈಡ್ ಬಂದವರಿಗೆಲ್ಲ ಕಥೆ ಕಟ್ಟಿ ಹೇಳುತ್ತಿದ್ದ. ಅವಳು ತುಟಿ ಬಿಚ್ಚಿರಲಿಲ್ಲ. ಕಸ ಗುಡಿಸುವವಳ ಮಾತು ಯಾರಿಗೆ ಬೇಕು?

"ಅಣ್ಣ, ಆ ಕಲೆ ತೆಗೀಬೇಡ."

"ಮೇಡಂ ಹೇಳಿದಾರಕ್ಕ. ಮೇಜು ಕನ್ನಡಿ ಥರ ಹೊಳೀಬೇಕಂತೆ."

"ಒಂದೈದು ನಿಮಿಷ ಕೈ ಕಟ್ಕೊಂಡು ಕೂತಿರು, ಪುಣ್ಯ ಬರುತ್ತೆ."

ಅವಳು ಹೋಗಿ ಮೇಲ್ವಿಚಾರಕಿಯನ್ನು ಕರೆತಂದಳು. ಗೈಡೂ ಹಿಂದೆಯೇ ಬಂದ.

"ಇದು ದೀಪದ ಕಲೆ ಅಲ್ಲ ಮೇಡಂ. ನಮ್ಮಜ್ಜಿ ಇಲ್ಲಿ ಇಸ್ತ್ರಿ ಮಾಡ್ತಿದ್ಲು."

ಗೈಡ್ ನಕ್ಕ. "ನಾಳೆ ಬಂಗಲೇನೇ ನಮ್ಮಜ್ಜೀದು ಅಂತೀಯೇನಕ್ಕ?"

ಅವಳು ಗಾಜಿನ ಬೀರು ತೆಗೆಸಿ, ಒಳಗಿದ್ದ ಬಂಗಲೆಯ ಹಳೆಯ ಕೆಂಡದ ಇಸ್ತ್ರಿಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಕಲೆಯ ಮೇಲಿಟ್ಟಳು. ಮೂತಿಯಿಂದ ಹಿಮ್ಮಡಿಯವರೆಗೆ ಕೂದಲೆಳೆಯಷ್ಟೂ ಆಚೀಚೆಯಾಗಲಿಲ್ಲ.

"ಹೇಗೆ ಸುಟ್ಟಿತು?" ಮೇಡಂ ಮೆಲ್ಲಗೆ ಕೇಳಿದರು.

"ಆಗ ಮೇಜು ಕಿಟಕಿ ಹತ್ರ ಇತ್ತಂತೆ. ಸಮುದ್ರ ನೋಡ್ತಾ ಅಜ್ಜಿ ಮೈಮರೆತ್ಲು. ಅಂಗಿ, ಹಾಸಿದ್ದ ಕಂಬಳಿ, ಮೇಜು, ಮೂರೂ ಸುಟ್ಟವು. ಮಾರನೇ ದಿನಾನೇ ದೊರೆಸಾನಿ ಮೇಜನ್ನ ಈ ಗೋಡೆಗೆ ಒತ್ತಿಸಿದ್ಲು. ಆಮೇಲೆ ಇಪ್ಪತ್ತು ವರ್ಷ ಗೋಡೆ ನೋಡ್ಕೊಂಡೇ ಇಸ್ತ್ರಿ."

ಅಜ್ಜಿ ಅದನ್ನು ನಗುನಗುತ್ತಲೇ ಹೇಳುತ್ತಿದ್ದಳು. ಸಮುದ್ರ ನೋಡುತ್ತಿದ್ದ ಆ ಗಳಿಗೆ ಅಜ್ಜಿಯ ಮನಸ್ಸಿನಲ್ಲಿ ಏನಿತ್ತೋ. ಕೇಳಬೇಕೆಂದು ಹೊಳೆಯುವಷ್ಟರಲ್ಲಿ ಅಜ್ಜಿಯೇ ಇರಲಿಲ್ಲ. ದುಡಿದೂ ದುಡಿದೂ ಸವೆದ ಜೀವ ತನಗೆಂದು ಇಟ್ಟುಕೊಂಡ ಗಳಿಗೆ ಬಹುಶಃ ಅದೊಂದೇ. ಅದರ ಗುರುತನ್ನೂ ಉಜ್ಜಿ ತೆಗೆದರೆ ಇನ್ನೇನು ಉಳಿಯಿತು?

ಮೇಡಂ ಕಲೆಯ ಅಂಚಿಗೆ ಬೆರಳಾಡಿಸಿದರು. "ಉಜ್ಜೋದು ಬೇಡಪ್ಪ," ಎಂದರು ಬಡಗಿಗೆ.

"ಹಾಗಾದ್ರೆ ನಾನಿನ್ನು ಜನಕ್ಕೆ ಏನು ಹೇಳ್ಲಿ?" ಗೈಡ್ ಗೊಣಗಿದ.

"ಇದ್ದಿದ್ದನ್ನ ಹೇಳು. ನಿನ್ನ ದೀಪಕ್ಕಿಂತ ನಮ್ಮಜ್ಜಿ ಏನು ಕಡಿಮೆನಾ? ಮೊದ್ಲು ಮೇಜನ್ನ ಆ ಕಡೆಯಿಂದ ಹಿಡಿ."

ಮೇಡಂ ಬೇಡವೆನ್ನಲಿಲ್ಲ. ಬಡಗಿ, ಗೈಡ್, ಅವಳು ಮೂವರೂ ಸೇರಿ ಮೇಜನ್ನು ಕಿಟಕಿಯ ಬಳಿಗೆ ಸರಿಸಿದರು. ಅವಳು ಕಲೆಯ ಮುಂದೆ ನಿಂತು ಹೊರಗೆ ನೋಡಿದಳು. ನೆಲ ಇನ್ನೂ ಅರ್ಧ ಒರೆಸುವುದಿತ್ತು. ಯಾರೂ ಅವಳನ್ನು ಅವಸರಪಡಿಸಲಿಲ್ಲ.