ಮೊಣಕೈ ಗುರುತು

ನಂಬಿಕಸ್ಥ ಮೇಸ್ತ್ರಿಯನ್ನು ಹುಡುಕುವುದರಲ್ಲೇ ನಮ್ಮ ದಾಂಪತ್ಯದ ಬಹುಪಾಲು ಕಳೆದುಹೋಯಿತು.

ಜಾಗ ಬೇಗ ಸಿಕ್ಕಿತ್ತು. ಹಳ್ಳಿಯ ಕೊನೆಯ ಮನೆ ದಾಟಿದ ಮೇಲೆ ಬಲಕ್ಕೊಂದು ಇಳಿಜಾರು, ಅದರ ಬುಡದಲ್ಲಿ ಸಣ್ಣ ತೊರೆ. ನಾನು ವಿಶ್ವವಿದ್ಯಾಲಯದಲ್ಲಿ ಓದಿದ್ದು ಭೂಗೋಳ. ನೀರು ಎಲ್ಲಿ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡಿ ಆ ಜಾಗವನ್ನು ನಾನೇ ಆರಿಸಿದ್ದೆ. ಅದರ ಮೇಲೆ ಏಳಬೇಕಾದ ಮನೆಯನ್ನು ನನ್ನ ಗಂಡನಿಗೆ ಬಿಟ್ಟಿದ್ದೆ.

ಅವನಿಗೆ ಕನ್ನಡಕದ ಅಂಗಡಿಯಿತ್ತು. ಗಿರಾಕಿಯ ಎರಡು ಕಣ್ಣುಗಳ ನಡುವಿನ ಅಂತರವನ್ನು ಉಸಿರು ಹಿಡಿದು ಅಳೆಯುತ್ತಿದ್ದ. ಕೂದಲೆಳೆಯಷ್ಟು ಆಚೀಚೆಯಾದರೂ ತಲೆನೋವು ಬರುವುದು ಅವರಿಗೆ, ಬೈಗುಳ ಬರುವುದು ತನಗೆ ಎನ್ನುತ್ತಿದ್ದ. ಅಂಥವನ ಕಣ್ಣಿಗೆ ಯಾವ ಮೇಸ್ತ್ರಿ ತಾನೇ ನೇರವಾಗಿ ಕಂಡಾನು?

ಮೇಸ್ತ್ರಿಗಳನ್ನು ಪರೀಕ್ಷಿಸಲು ಅವನದೇ ಒಂದು ಕ್ರಮವಿತ್ತು. ಅವರು ಈಚೆಗೆ ಕಟ್ಟಿದ ಮನೆಯನ್ನು ನೋಡುತ್ತಲೇ ಇರಲಿಲ್ಲ. "ನಿಮ್ಮ ಕೈಯಿಂದ ಎದ್ದ ಮೊದಲನೇ ಮನೆ ತೋರಿಸಿ" ಎನ್ನುತ್ತಿದ್ದ. ಅಲ್ಲಿ ಹೋಗಿ ಮೇಸ್ತ್ರಿಯನ್ನು ಹೊರಗೇ ನಿಲ್ಲಿಸಿ ಮನೆಯವರನ್ನು ಕೇಳುತ್ತಿದ್ದ: ಮಳೆಗಾಲದಲ್ಲಿ ಬಾಗಿಲು ಹಿಡಿಯುತ್ತದಾ? ಬಚ್ಚಲ ನೀರು ಮೂಲೆಯಲ್ಲಿ ನಿಲ್ಲುತ್ತದಾ? ಕೆಲವು ಮೇಸ್ತ್ರಿಗಳು ಮೊದಲನೇ ಮನೆ ಎಂದ ಕೂಡಲೇ ಮಾತು ಬದಲಿಸಿದರು. ಒಬ್ಬರು ಕರೆದುಕೊಂಡು ಹೋದರು. ಆ ಮನೆಯಾಕೆ ಮೇಸ್ತ್ರಿಯನ್ನು ಕಂಡು ಪೊರಕೆ ಹಿಡಿದೇ ಹೊರಬಂದರು.

ಇನ್ನೊಬ್ಬರು ಏನು ಕೇಳಿದರೂ ಆಗುತ್ತೆ ಎನ್ನುವವರು. ಕಿಟಕಿ ದೊಡ್ಡದು ಬೇಕು. ಆಗುತ್ತೆ ಸಾರ್. ನೆಲ ತಂಪಾಗಿರಬೇಕು. ಆಗುತ್ತೆ ಸಾರ್. ಕೊನೆಗೆ ನನ್ನ ಗಂಡ ಗಂಭೀರವಾಗಿ, "ಬಾವಿ ಛಾವಣಿ ಮೇಲೆ ಬೇಕಲ್ಲ" ಎಂದ.

"ಆಗುತ್ತೆ ಸಾರ್. ಮೇಲಿದ್ರೆ ನೀರು ತಾನಾಗೇ ಇಳಿಯುತ್ತೆ."

ಬಸ್ಸಿನಲ್ಲಿ ಊರಿಗೆ ಮರಳುವಾಗ ದಾರಿಯುದ್ದಕ್ಕೂ ನಕ್ಕೆವು. ಮನೆಯೇನೋ ಏಳಲಿಲ್ಲ.

ನಾವು ಮೊಟ್ಟಮೊದಲು ನೋಡಿದವರು ಕೋಲು ಮೇಸ್ತ್ರಿ. ಊರವರು ಇಟ್ಟ ಹೆಸರು ಅದು. ಅವರ ಮೊದಲನೇ ಮನೆಯಲ್ಲಿ ಬಾಗಿಲುಗಳು ಬೆರಳು ತಾಗಿಸಿದರೆ ಮುಚ್ಚಿಕೊಳ್ಳುತ್ತಿದ್ದವು. ಆ ಮನೆಯವರು, "ಬಾಯಿ ಜಾಸ್ತಿ, ಗೋಡೆ ಮಾತ್ರ ಗಟ್ಟಿ" ಎಂದರು. ಆದರೆ ಮೇಸ್ತ್ರಿ ಕೊಠಡಿಗಳಿಗಷ್ಟೇ ಟೇಪು ಹಿಡಿಯುತ್ತಿದ್ದರು. ಮನುಷ್ಯರ ಮೈಗೆ ತಾಗುವ ಕೆಲಸಕ್ಕೆಲ್ಲ ಅವರದು ಮರದ ಪಟ್ಟಿ, ಮನೆಗೊಂದು. ಕಟ್ಟಬೇಕಾದ ಮನೆಯಲ್ಲಿ ಅಡುಗೆ ಮಾಡುವವರನ್ನು ಆ ಕೋಲಿಗೆ ಆನಿಸಿ ನಿಲ್ಲಿಸಿ, ಮೊಣಕೈ ಬರುವಲ್ಲಿ ಉಳಿಯಿಂದ ಗುರುತು ಕೊರೆಯುತ್ತಿದ್ದರು. ಅದಕ್ಕಿಂತ ನಾಲ್ಕು ಬೆರಳು ಕೆಳಗೆ ಒಲೆಕಟ್ಟೆಯ ಕಲ್ಲು.

"ಅಡುಗೆ ಯಾರದು? ತಂಗಿದಾ?" ಎಂದು ತಮ್ಮ ತಗಡಿನ ಶೆಡ್ಡಿನಲ್ಲಿ ನಿಂತು ನನ್ನತ್ತ ನೋಡಿದ್ದರು.

"ಅವಳು ನಕ್ಷೆ ಓದ್ತಾಳೆ. ಒಲೆ ಓದೋಕೆ ಬರಲ್ಲ" ಎಂದು ನನ್ನ ಗಂಡ ತಾನೇ ಹೋಗಿ ಕೋಲಿಗೆ ಬೆನ್ನು ಕೊಟ್ಟು ನಿಂತಿದ್ದ. ಮೇಸ್ತ್ರಿ ತಲೆಯೆತ್ತಿ ನೋಡಿ, "ಅಯ್ಯಪ್ಪಾ, ಇದು ತೆಂಗಿನ ಮರದ ಲೆಕ್ಕ" ಎಂದು ಗುರುತು ಕೊರೆದಿದ್ದರು. ಅವನು ಉಸಿರು ಹಿಡಿದು ನೇರವಾಗಿ ನಿಂತಿದ್ದ, ತನ್ನ ಅಂಗಡಿಯ ಗಿರಾಕಿಗಳ ಹಾಗೆ.

ಹೊರಗೆ ಬಂದವನೇ, "ಕಡ್ಡೀಲಿ ಗೀರಿ ಮನೆ ಕಟ್ಟೋನನ್ನ ನಂಬೋದು ಹೇಗೆ? ಇನ್ನೊಂದಿಬ್ಬರನ್ನ ನೋಡೋಣ" ಎಂದ.

ನನಗೆ ಆ ಮನುಷ್ಯ ಹಿಡಿಸಿದ್ದರು. ನೋಡೋಣ ಎಂದೆ.

ಇನ್ನೊಂದಿಬ್ಬರು ಎಂದದ್ದು ವರ್ಷಗಳಾದವು. ಒಂದು ಮಧ್ಯಾಹ್ನ ಗಿರಾಕಿಯ ಕಣ್ಣಿನ ಅಳತೆ ತೆಗೆಯುತ್ತಿದ್ದವನು ಅಳತೆಪಟ್ಟಿ ಕೈಯಲ್ಲಿ ಹಿಡಿದುಕೊಂಡೇ ಕುಸಿದ. ಹೃದಯ ಎಂದರು ವೈದ್ಯರು.

ಆಮೇಲೆ ಅತ್ತೆ ನನ್ನ ಜೊತೆಗೇ ಇರಲು ಬಂದರು. ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನಾವಿಬ್ಬರೂ ಒಬ್ಬರಿಗೊಬ್ಬರು ಅಡ್ಡ ಬರದಂತೆ ಓಡಾಡಿಕೊಂಡಿದ್ದೆವು. ಅವನ ಹೆಸರನ್ನು ಅವರೂ ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ. ಅವರಿಗೆ ನೋವಾಗಬಾರದು ಎಂದು ನಾನು ಅಂದುಕೊಂಡಿದ್ದೆ.

ಒಂದು ದಿನ ಕಪಾಟು ತೆಗೆದು ಅವನು ಬರೆದ ಮನೆಯ ನಕ್ಷೆಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿದೆ. ಒಂದಕ್ಕೊಂದು ಒಪ್ಪುತ್ತಿರಲಿಲ್ಲ. ಒಂದರಲ್ಲಿ ಅಡುಗೆಮನೆ ತೊರೆಯ ಕಡೆಗೆ, ಇನ್ನೊಂದರಲ್ಲಿ ರಸ್ತೆಯ ಕಡೆಗೆ. ಅಳತೆಗಳನ್ನು ಅಳಿಸಿ ಬರೆದು, ಬರೆದು ಅಳಿಸಿ ಕಾಗದವೇ ಸವೆದಿತ್ತು. ಸರಿಯಾದ ಮೇಸ್ತ್ರಿ ಸಿಕ್ಕಿದ ಮೇಲೆ ಎಲ್ಲ ಖಚಿತ ಮಾಡುವವನಿದ್ದ. ಖಚಿತವಾಗಿ ತೆಗೆದ ಅವನ ಅಳತೆ ಈ ಲೋಕದಲ್ಲಿ ಒಂದೇ ಒಂದು ಉಳಿದಿತ್ತು. ಅದೂ ಅವನು ಬೇಡವೆಂದ ಮೇಸ್ತ್ರಿಯ ಬಳಿ.

"ಮನೆ ಕಟ್ಟಿಸಿಬಿಡೋಣ ಅತ್ತೆ" ಎಂದೆ.

ಅತ್ತೆ ಕಾಗದಗಳನ್ನು ನೋಡಿದರು. "ಯಾರ ಕೈಲಿ? ನನ್ನ ಮಗನಿಗೆ ಒಪ್ಪಿಗೆಯಾದ ಮೇಸ್ತ್ರಿ ಇನ್ನೂ ಹುಟ್ಟಬೇಕಲ್ಲ."

"ಮೊದಲು ನೋಡಿದವರ ಹತ್ರಾನೇ ಹೋಗೋಣ."

ಅವರು ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಆ ಕೋಲಿನ ವಿಷಯ ಹೇಳುತ್ತಿದ್ದೆ.

ಕೋಲು ಮೇಸ್ತ್ರಿ ಅದೇ ತಗಡಿನ ಶೆಡ್ಡಿನಲ್ಲಿ ಕಿಟಕಿಯ ಚೌಕಟ್ಟೊಂದನ್ನು ಉಜ್ಜುಗೊರಡಿನಿಂದ ಉಜ್ಜುತ್ತಿದ್ದರು. ನನ್ನನ್ನು ಕಂಡು ಮುಖ ಅರಳಿತು.

"ಬಂದ್ರಾ ತಂಗೀ! ನಾನು ಅವತ್ತೇ ಅಂದಿದ್ದೆ, ಊರೆಲ್ಲ ಸುತ್ತಿ ಇಲ್ಲಿಗೇ ಬರ್ತಾರೆ ಅಂತ. ಸಾರ್ ಎಲ್ಲಿ? ಟೇಪು ಬಿಚ್ಚಿಕೊಂಡು ರಸ್ತೆ ಅಳೀತಾ ಬರ್ತಿದ್ದಾರಾ?"

ಅತ್ತೆ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರುತ್ತಿದ್ದರು. "ಅವನು ಹೋದ, ಅಪ್ಪಾ. ನಾನು ಅವನ ತಾಯಿ" ಎಂದರು.

ಮೇಸ್ತ್ರಿ ಕೈಯಲ್ಲಿದ್ದುದನ್ನು ಕೆಳಗಿಟ್ಟರು. ಎರಡು ಕೈಗಳನ್ನೂ ಅಂಗಿಗೆ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. "ನನ್ನ ಬಾಯಿಗೆ ಮಣ್ಣು ಹಾಕ. ಕೂತ್ಕೊಳ್ಳಿ ಅಮ್ಮಾ" ಎಂದು ಇದ್ದೊಂದು ಸ್ಟೂಲನ್ನು ಅತ್ತೆಗೆ ಕೊಟ್ಟರು. ಆಮೇಲೆ ಕೆಲಸದ ಮಾತನ್ನು ಮಾತ್ರ ಆಡಿದರು. ಯಾವ ನಕ್ಷೆ, ಎಷ್ಟು ಕೋಣೆ, ಕಲ್ಲು ಎಲ್ಲಿಂದ. ತೊರೆಯ ಕಡೆಗೆ ಅಡುಗೆಮನೆ ಎಂದೆ. ಒಪ್ಪಿದರು.

"ಆ ಕೋಲು..." ಎಂದೆ.

"ಇಲ್ಲದೆ ಏನು? ಸಾರ್ ನಿಂತ ಕೋಲು ತಾನೇ?" ಮಾಡಿಗೆ ಸಿಕ್ಕಿಸಿದ್ದ ಪಟ್ಟಿಗಳ ರಾಶಿಯಿಂದ ಒಂದನ್ನು ಎಳೆದು ಧೂಳು ಊದಿದರು. "ಕಟ್ಟಿಸಲಿ, ಬಿಡಲಿ, ಕೋಲಿಗೆ ನಿಂತೋರ ಕೋಲು ಬಿಸಾಕೋದಿಲ್ಲ ನಾನು."

ಗುರುತು ಅಲ್ಲೇ ಇತ್ತು. ಹೆಬ್ಬೆರಳ ಉಗುರಿನಷ್ಟು ಅಗಲದ ಕೊರೆತ. ನಾನು ಅಂದುಕೊಂಡದ್ದಕ್ಕಿಂತ ಎತ್ತರದಲ್ಲಿತ್ತು.

"ಈಗ ಅಡುಗೆ ಯಾರದು?" ಎಂದರು ಮೇಸ್ತ್ರಿ.

ಹಳೆಯ ಗುರುತಿಗೇ ಕಟ್ಟಿ ಎಂದು ಹೇಳಬೇಕೆಂದೇ ನಾನು ಅಲ್ಲಿಯವರೆಗೆ ಹೋಗಿದ್ದು. ಬಸ್ಸಿನಲ್ಲಿ ಆ ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಆದರೆ ಮೇಸ್ತ್ರಿ ಕೇಳಿದ್ದು ಬೇರೆ ಪ್ರಶ್ನೆ.

"ನಂದೇ" ಎಂದೆ.

ಅತ್ತೆ ನನ್ನ ಮುಖ ನೋಡಿದರು. ಮೇಸ್ತ್ರಿ ಕೋಲನ್ನು ಕಂಬಕ್ಕೆ ಆನಿಸಿದರು. ನಾನು ಹೋಗಿ ನಿಂತೆ. ಮೊಣಕೈಯ ಹತ್ತಿರ ಉಳಿಯ ತುದಿ ಮರ ಕಚ್ಚುವ ಸದ್ದು ಕೇಳಿಸಿತು. ನಾನು ಈಚೆಗೆ ಬಂದು ನೋಡಿದೆ. ಈಗ ಕೋಲಿನ ಮೇಲೆ ಎರಡು ಗುರುತುಗಳು, ಮೇಲೊಂದು, ಕೆಳಗೊಂದು. ನಡುವೆ ಅಂಗೈ ಅಗಲ. ಚೆನ್ನಾಗಿತ್ತು ಹಾಗೆ.

ಮೇಸ್ತ್ರಿ ಕೋಲನ್ನು ಮೊಣಕಾಲಿಗೆ ಅಡ್ಡ ಇಟ್ಟುಕೊಂಡು ಉಳಿಯನ್ನು ಓರೆ ಹಿಡಿದು ಮೇಲಿನ ಗುರುತಿನ ಮೇಲೆ ಒತ್ತಿ ಎಳೆದರು. ಮರದ ಒಂದು ಸುರುಳಿ ಎದ್ದಿತು. ಇನ್ನೊಂದು ಎದ್ದಿತು.

"ಒಂದೇ ಕೋಲಲ್ಲಿ ಎರಡು ಗುರುತು ಇಟ್ಕೋಬಾರದು ತಂಗಿ. ಕಲ್ಲು ಕೂರಿಸೋರು ಯಾವುದೋ ಒಂದಕ್ಕೆ ಕೂರಿಸಿಬಿಡ್ತಾರೆ. ಆಮೇಲೆ ದಿನಾ ಬೈಸ್ಕೊಳ್ಳೋನು ನಾನು."

ಅತ್ತೆಯ ಗಂಟಲಿನಿಂದ ಏನೋ ಹೊರಟಿತು. ಕೆಮ್ಮು ಎಂದುಕೊಂಡೆ. ಬೇಡ ಎನ್ನಲು ಬೇಕಾದಷ್ಟು ಹೊತ್ತಿತ್ತು, ಮೇಸ್ತ್ರಿ ಆತುರದವರಲ್ಲ. ಅವರು ಮರವನ್ನು ಸವರಿ ನೋಡಿದರು, ನುಣುಪಾಗಿತ್ತು. ಸುರುಳಿಗಳನ್ನು ಕಾಲಿನಿಂದ ಬದಿಗೆ ಸರಿಸಿದರು. ಅಲ್ಲಿ ಕಿಟಕಿ ಉಜ್ಜಿದ ಸುರುಳಿಗಳ ರಾಶಿಯೇ ಇತ್ತು.

"ಸರಿ" ಎಂದೆ ನಾನು.

ಮನೆ ಎದ್ದಿತು. ಕೋಲು ಮೇಸ್ತ್ರಿಯ ಬಗ್ಗೆ ನನ್ನ ಗಂಡ ಕೇಳುತ್ತಿದ್ದ ಪ್ರಶ್ನೆಗಳನ್ನೆಲ್ಲ ಈಗ ಯಾರಾದರೂ ಬಂದು ನನ್ನನ್ನು ಕೇಳಲಿ, ಒಳ್ಳೆಯ ಉತ್ತರವನ್ನೇ ಕೊಡುತ್ತೇನೆ. ಇಟ್ಟಿಗೆಯನ್ನು ನೀರು ಕುಡಿಸದೆ ಇಡಲಿಲ್ಲ. ಹಿಂದಿನ ಗೋಡೆ ಸೊಂಟದೆತ್ತರ ಬಂದಾಗ ತೂಗುಗುಂಡು ಇಳಿಬಿಟ್ಟು ನೋಡಿ, ಯಾರೂ ಹೇಳದೆ ತಾವೇ ಕೆಡವಿಸಿದರು. ನನಗಂತೂ ಅದು ನೆಟ್ಟಗೇ ಕಂಡಿತ್ತು. "ಗೋಡೆಗೆ ಸೊಟ್ಟ ಬುದ್ಧಿ ಬಂದ್ರೆ ಚಿಕ್ಕಂದಿನಲ್ಲೇ ತಿದ್ದಬೇಕು" ಎಂದರು. ಅವನು ಹುಡುಕಿದ್ದು ಇಂಥವರನ್ನೇ. ಮೊದಲ ದಿನವೇ ಸಿಕ್ಕಿದ್ದರು. ಅಂದೇ ಹೂಂ ಎಂದಿದ್ದರೆ ಆ ಅಡುಗೆಮನೆಯ ಕಿಟಕಿಯಿಂದ ಅವನು ಕೆಲವು ವರ್ಷವಾದರೂ ತೊರೆ ನೋಡುತ್ತಿದ್ದ. ನಾನು ಇದನ್ನು ಕಲ್ಲು ಹೊರುವವರನ್ನು ನೋಡುತ್ತ ಯೋಚಿಸುತ್ತಿದ್ದೆ. ಅಳು ಬರುತ್ತಿರಲಿಲ್ಲ. ಕಲ್ಲುಗಳನ್ನು ಎಣಿಸುವುದನ್ನೂ ಬಿಟ್ಟು ಸುಮ್ಮನೆ ನಿಂತಿರುತ್ತಿದ್ದೆ.

ಒಲೆಕಟ್ಟೆ ನನ್ನ ಮೈಗೆ ಹೇಳಿಮಾಡಿಸಿದಂತೆ ಕೂತಿತು. ಅಲ್ಲಿ ಈರುಳ್ಳಿ ಹೆಚ್ಚುವಾಗ ಭುಜ ಏರುವುದಿಲ್ಲ, ಸೊಂಟ ಬಾಗುವುದಿಲ್ಲ. ಆದರೆ ನಾನು ಹೆಚ್ಚಿದ ಈರುಳ್ಳಿಯನ್ನು ಅತ್ತೆ ಒಂದು ವಾರ ಸಹಿಸಿಕೊಂಡರು.

"ಸರೀ ಆಚೆಗೆ. ಇದೇನು, ರಸ್ತೆಗೆ ಜಲ್ಲಿ ಒಡೆದ ಹಾಗೆ" ಎಂದು ಚಾಕು ಕಿತ್ತುಕೊಂಡರು. ಅಂದಿನಿಂದ ಅಡುಗೆ ಅವರದಾಯಿತು. ಸಂಜೆ ಹೊರಗಿನ ಮೆಟ್ಟಿಲ ಮೇಲೆ ಕೂತು ಸೊಂಟ ಒತ್ತಿಕೊಳ್ಳುತ್ತಿದ್ದರು. ವಯಸ್ಸು ಎಂದುಕೊಂಡೆ. ಅವರೂ ಹಾಗೇ ಹೇಳುತ್ತಿದ್ದರು.

ಮೊದಲ ಮಳೆಗಾಲ ಕಳೆದ ಮೇಲೆ ಮೇಸ್ತ್ರಿ ಮನೆ ನೋಡಲು ಬಂದರು. ತಾವು ಕಟ್ಟಿದ ಮನೆಗೆ ಹೀಗೆ ಒಮ್ಮೆ ಬಂದು ಹೋಗುವುದು ಅವರ ಪದ್ಧತಿ. ಬಾಗಿಲುಗಳನ್ನು ಒಂದು ಬೆರಳಿನಿಂದ ಮುಚ್ಚಿ ತೆಗೆದರು. ಗೋಡೆಗಳಿಗೆ ಕಿವಿಯಿಟ್ಟು ಗೆಣ್ಣಿನಿಂದ ತಟ್ಟಿದರು. ಅಡುಗೆಮನೆಯ ಬಾಗಿಲಿಗೆ ಬಂದವರು ಅಲ್ಲೇ ನಿಂತುಬಿಟ್ಟರು. ಒಳಗೆ ಅತ್ತೆ ಹಿಟ್ಟು ನಾದುತ್ತಿದ್ದರು, ಕಟ್ಟೆಯ ಮೇಲೆ ಪೂರ್ತಿ ಬಾಗಿ, ಬಾವಿಯೊಳಗೆ ಇಣುಕುವವರಂತೆ.

"ಏನಮ್ಮಾ ಇದು! ನನ್ನ ಮಾನ ತೆಗೀತೀರಲ್ಲ. ಯಾರಾದ್ರೂ ನೋಡಿದ್ರೆ ಏನಂತಾರೆ, ಕೋಲು ಮೇಸ್ತ್ರಿ ಗೊಂಬೆಗಳಿಗೆ ಕಟ್ಟೆ ಕಟ್ಟಿದ ಅಂತಾರೆ."

"ಕಟ್ಟೆ ಸರಿಯಾಗೇ ಇದೆ. ನಾನು ಉದ್ದ ಇದ್ದೀನಿ ಅಷ್ಟೆ."

"ಬನ್ನಿ ಇಲ್ಲಿ" ಎಂದು ಅವರನ್ನು ಬಾಗಿಲ ಚೌಕಟ್ಟಿಗೆ ಆನಿಸಿ ನಿಲ್ಲಿಸಿ, ಕಿವಿಯ ಸಂದಿನಿಂದ ಪೆನ್ಸಿಲ್ ತೆಗೆದು ಮೊಣಕೈಯ ಹತ್ತಿರ ಒಂದು ಗೆರೆ ಎಳೆದರು. ಆ ಗೆರೆಯನ್ನು ಸ್ವಲ್ಪ ಹೊತ್ತು ನೋಡಿದರು. "ತೆಂಗಿನ ಮರದ ಲೆಕ್ಕ" ಎಂದರು, ಮೆಲ್ಲಗೆ. ಆಮೇಲೆ ನನ್ನ ಕಡೆ ನೋಡದೆ, "ಅವತ್ತು ಆ ಗುರುತನ್ನ ಕೆತ್ತಿ ತೆಗೀದೇ ಇದ್ದಿದ್ರೆ ಆಗ್ತಿತ್ತು" ಎಂದರು.

ಅತ್ತೆ ಹೇಳಿದರು.

"ನಾನು ತಡೀತಿದ್ದೆ ಕಣಪ್ಪ. ಬಾಯಿಗೆ ಬಂದಿತ್ತು. ಇವಳು ಸುಮ್ಮನೆ ನಿಂತಿದ್ಲು. ನೋಡಿದ್ರೆ ಅಳಿಸಿ ಹೋಗಲಿ ಅಂತಾನೇ ಇವಳ ಮನಸ್ಸಲ್ಲಿರಬೇಕು ಅನ್ನಿಸ್ತು. ಚಿಕ್ಕ ವಯಸ್ಸು. ಅವಳ ಮನೆ. ಮುಂದೆ ಬದುಕಬೇಕಾದೋಳು ಅವಳು."

"ನನಗೆ ಹಾಗಿರಲಿಲ್ಲ ಅತ್ತೆ" ಎಂದೆ.

"ಗೊತ್ತಾಯ್ತು ಈಗ."

"ನೀವು ಕೆಮ್ಮಿದಿರಿ ಅಂದುಕೊಂಡೆ."

"ಕೆಮ್ಮೋಕೆ ನನಗೇನು ಬಂದಿತ್ತು" ಎಂದು ಹಿಟ್ಟಿನ ಕೈಯನ್ನು ನೋಡಿಕೊಂಡರು.

ಮೇಸ್ತ್ರಿ ಕಟ್ಟೆಯ ಮೇಲೆ ಅಂಗೈಯಿಟ್ಟು ನಿಂತಿದ್ದರು. ಒಲೆಯ ಕಡೆಯ ಅರ್ಧ ಕಲ್ಲನ್ನು ಕತ್ತರಿಸಿ ಎಬ್ಬಿಸಿ, ಕೆಳಗೆ ಇಟ್ಟಿಗೆ ಕೊಟ್ಟು ಎತ್ತರಿಸಬಹುದು ಎಂದರು. ಬಾಗಿಲಲ್ಲಿ ಗೆರೆ ಇದೆ, ಕೋಲೂ ಬೇಡ.

"ಒಳ್ಳೇ ಕಲ್ಲನ್ನ ಯಾಕಪ್ಪ ಕತ್ತರಿಸ್ತೀಯ? ಬೇಡ. ನನಗೆ ಅಭ್ಯಾಸ ಆಗಿದೆ" ಎಂದರು ಅತ್ತೆ.

"ಕತ್ತರಿಸಿ" ಎಂದೆ ನಾನು.

ನನ್ನ ದನಿ ಅಷ್ಟು ಜೋರಾಗಿ ಬಂದದ್ದು ನನಗೇ ಹೊಸತು. ಇಬ್ಬರೂ ತಿರುಗಿ ನೋಡಿದರು. ಆ ದನಿ ಆ ಶೆಡ್ಡಿನಲ್ಲಿ ಬರಬೇಕಿತ್ತು. ಅದಕ್ಕೂ ವರ್ಷಗಳ ಮುಂಚೆ, ಇನ್ನೊಂದಿಬ್ಬರನ್ನು ನೋಡೋಣ ಎಂದವನಿಗೆ ಇವರೇ ಇರಲಿ ಎಂದು ಹೇಳಬೇಕಾದಾಗ ಬರಬೇಕಿತ್ತು.

ಈಗ ಕಟ್ಟೆಗೆ ಎರಡು ಎತ್ತರ. ಮೇಲಿನ ಕಲ್ಲಿನ ಮುಂದೆ ಅತ್ತೆ ನೆಟ್ಟಗೆ ನಿಂತು ಅಡುಗೆ ಮಾಡುತ್ತಾರೆ. ಹಿಂದಿನಿಂದ ನೋಡಿದರೆ ಭುಜ ಅವನದೇ. ಅದಕ್ಕೇ ನಾನು ಹೆಚ್ಚಾಗಿ ಬದಿಯಲ್ಲಿ ನಿಲ್ಲುತ್ತೇನೆ. ಕೆಳಗಿನ ಕಲ್ಲಿನ ಮೇಲೆ ಈರುಳ್ಳಿ ಹೆಚ್ಚಿ ಕೊಡುತ್ತೇನೆ, ಜಲ್ಲಿಯ ಮಾತು ಕೇಳಿಸಿಕೊಳ್ಳುತ್ತೇನೆ. ಅವನ ಅಳತೆ ಮರಳಿ ಬಂತು ಎಂದು ಮೇಸ್ತ್ರಿ ಊರಲ್ಲೆಲ್ಲ ಹೇಳಿಕೊಂಡಿದ್ದಾರಂತೆ. ಅದು ಅತ್ತೆಯ ಅಳತೆ. ಅವನದು ಕಿಟಕಿಯ ಸುರುಳಿಗಳ ಜೊತೆ ಹೋಯಿತು.

ಊಟವಾದ ಮೇಲೆ ಕಟ್ಟೆ ಒರೆಸುವುದು ನನ್ನ ಕೆಲಸ. ಎರಡು ಕಲ್ಲುಗಳ ನಡುವಿನ ಅಂಗೈ ಅಗಲದ ಮೆಟ್ಟಿಲಲ್ಲಿ ಬಟ್ಟೆ ತಡೆಯುತ್ತದೆ. ಅಲ್ಲಿ ಕೈ ನಿಲ್ಲಿಸಿ, ಎತ್ತಿ, ಮತ್ತೆ ಒರೆಸಬೇಕು.