ಬ್ಯಾಟರಿಯ ಹೊದಿಕೆ

ಒಲೆಯ ಮೇಲಿನ ಬಾಣಲೆಯಲ್ಲಿ ಕಾರಿನ ನಾಲ್ಕು ಸ್ಪಾರ್ಕ್ ಪ್ಲಗ್ಗುಗಳು ಕಾಯುತ್ತಿವೆ, ಒಂದು ಉರುಳಿ ಅಂಚಿಗೆ ತಾಗಿ ಟಿಣ್ ಎಂದಿತು, ಪೆಟ್ರೋಲಿನ ವಾಸನೆ, ಇನ್ನು ಮೂರು ದಿನ ಈ ಬಾಣಲೆಯಲ್ಲಿ ಕರಿದದ್ದಕ್ಕೆಲ್ಲ ಇದೇ ವಾಸನೆ, ಗುಲ್ಸುನ್ ಬೈಯಬೇಕಿತ್ತು, ಮದುವೆಯಾಗಿ ಇಪ್ಪತ್ತೆರಡು ಚಳಿಗಾಲ ಬೈದಿದ್ದಾಳೆ, ಆ ಕಾರನ್ನೇ ಕಟ್ಕೋಬೇಕಿತ್ತು ನೀನು, ನನ್ನನ್ಯಾಕೆ ಕರ್ಕೊಂಡು ಬಂದೆ ಅಂತ, ಇವತ್ತು ಬೈಯಲಿಲ್ಲ, ಒಲೆಗೆ ಎರಡು ಬೆರಣಿ ಹಾಕಿ ಸುಮ್ಮನೆ ದನದ ಕೊಟ್ಟಿಗೆಗೆ ಹೋದಳು — ಬೈಯದ ಹೆಂಡತಿಯನ್ನು ಕಂಡರೆ ನನಗೆ ಭಯ, ಅವಳಿಗೆ ಗೊತ್ತು, ಅವತ್ತು ಸಂಜೆ ನಾನು ಆ ಮಾತು ಆಡಿದಾಗ ಅವಳು ಇಲ್ಲೇ, ಇದೇ ಒಲೆಯ ಮುಂದೆ, ಕೈಯಲ್ಲಿ ಸೌಟು ಹಿಡಿದು ನಿಂತಿದ್ದಳು. ಹೊರಗೆ ಸೊನ್ನೆಗಿಂತ ಇಪ್ಪತ್ತೆಂಟು ಕೆಳಗೆ, ಕಿಟಕಿಯ ಗಾಜಿಗೆ ಒಳಗಿನಿಂದಲೇ ಹಿಮ ಕಟ್ಟಿದೆ, ಚಳಿಗೆ ಸಾಯದಿರಲಿ ಅಂತ ಕಾರಿನಿಂದ ಬಿಚ್ಚಿ ತಂದ ಬ್ಯಾಟರಿ ಒಲೆಯ ಪಕ್ಕದ ಮಣೆಯ ಮೇಲೆ ಕೂತಿದೆ, ಮನೆಯ ಹಿರಿಯರ ಹಾಗೆ ಬೆಚ್ಚಗೆ, ಮೇಲೆ ಕಪ್ಪು ಉಣ್ಣೆಯ ಹೊದಿಕೆ, ಅದರಲ್ಲಿ ಕೆಂಪು ಟಗರಿನ ಕೊಂಬು, ಕೊಂಬಿನ ಸುತ್ತ ಸಣ್ಣ ಸಣ್ಣ ಹೊಲಿಗೆ, ಪಕ್ಕದ ಮನೆಯ ಬಾತ್ಮಾ ಅತ್ತಿಗೆಯ ಹೊಲಿಗೆ, ಈ ಕಣಿವೆಯಲ್ಲಿ ಅವಳ ಹಾಗೆ ಉಣ್ಣೆಯ ಹಾಸು ಹೊಲಿಯುವವರು ಇನ್ನೊಬ್ಬರಿರಲಿಲ್ಲ, ಮಿಕ್ಕ ತುಂಡಿನಲ್ಲಿ ಇದನ್ನು ಮಾಡಿಕೊಟ್ಟು ನಕ್ಕಿದ್ದಳು, ನಿನ್ನ ಹೆಂಡ್ತಿಗಿಂತ ಬ್ಯಾಟರಿಗೇ ಚಳಿ ಜಾಸ್ತಿಯಂತಲ್ಲೋ ಓಮುರ್, ತಗೋ ಹೊದಿಸು. ಒಂದು ಮೂಲೆ ಒಲೆಯ ಕಿಡಿ ಬಿದ್ದು ಸುಟ್ಟಿದೆ, ಅದನ್ನು ನೋಡಿ, ಇರು, ಇನ್ನೊಂದು ಮಾಡಿಕೊಡ್ತೀನಿ ಎಂದಿದ್ದಳು, ಅದು ಡಿಸೆಂಬರಿನಲ್ಲಿ, ಎಲ್ಲ ಬೆರಳೂ ಇದ್ದಾಗ.

ಬೂಟು ಕಳಚಿದ್ದೆ, ಅಷ್ಟೇ. ಯಾರಾದರೂ ಕೇಳಿದರೆ ಇದನ್ನು ಹೇಗೆ ಹೇಳಲಿ, ದ್ವೇಷವಿತ್ತೇ, ಇಲ್ಲ, ಪೆಟ್ರೋಲ್ ಇರಲಿಲ್ಲವೇ, ಅರ್ಧ ಟ್ಯಾಂಕಿತ್ತು, ಬೂಟು ಕಳಚಿದ್ದೆ, ದನಗಳಿಗೆ ಹುಲ್ಲು ಹಾಕಿ ಬಂದು ಕಾಲನ್ನು ಒಲೆಯ ಕಡೆ ಚಾಚಿದ್ದೆ, ಹುರಿದ ಮಾಂಸದ ತಟ್ಟೆ ಮುಂದಿತ್ತು, ಆಗ ಬಾತ್ಮಾ ಅತ್ತಿಗೆಯ ಗಂಡ ಶಾರ್ಶೆನ್ ಬಾಯ್ಕೆ ಬಂದ — ನನಗಿಂತ ಹನ್ನೆರಡು ವರ್ಷ ದೊಡ್ಡವನು, ಬಾಯ್ಕೆ ಅಂದರೆ ಬರೀ ಬಾಯಿಮಾತಿನ ಅಣ್ಣನಲ್ಲ, ನನ್ನ ಅಪ್ಪನ ಗೋರಿ ತೋಡಿದವರಲ್ಲಿ ಮೊದಲ ಗುದ್ದಲಿ ಅವನದು — ಹೊಸ್ತಿಲಲ್ಲೇ ನಿಂತ, ಟೋಪಿ ಕೈಯಲ್ಲಿತ್ತು, ಬಾತ್ಮಾಗೆ ಸ್ವಲ್ಪ ಹೊಟ್ಟೆನೋವು ಅಂತಾಳೆ, ಆಂಬುಲೆನ್ಸು ದೊಡ್ಡ ರಸ್ತೆವರೆಗೂ ಬರುತ್ತಂತೆ, ಅಲ್ಲಿಂದ ಈ ಹಿಮದಲ್ಲಿ ಮೇಲಕ್ಕೆ ಬರಲ್ಲವಂತೆ, ನಿನ್ನ ನಿವಾ ಕಾರಾದ್ರೆ ಇಳಿಯುತ್ತೆ. ಸ್ವಲ್ಪ ಎಂದ. ನಮ್ಮಲ್ಲಿ ಯಾರೂ ತಮ್ಮ ನೋವನ್ನು ದೊಡ್ಡದು ಮಾಡಿ ಹೇಳುವುದಿಲ್ಲ, ಅದು ನನಗೆ ಗೊತ್ತಿತ್ತು, ಟೋಪಿ ಕೈಯಲ್ಲಿದ್ದದ್ದು ನೋಡಿದ್ದೆ, ಆದರೂ ಆ ಸ್ವಲ್ಪವನ್ನೇ ಹಿಡಿದುಕೊಂಡೆ, ನಾಲಿಗೆಗೆ ಎಲುಬಿಲ್ಲ, ಬೆಳಗ್ಗೆಯಿಂದ ಸ್ಟಾರ್ಟೇ ಆಗ್ತಿಲ್ಲ ಬಾಯ್ಕೆ, ಈ ಚಳಿಗೆ ಕೀಲಿ ತಿರುಗಿಸೀ ತಿರುಗಿಸೀ ಸಾಕಾಯ್ತು. ಸೌಟು ನಿಂತಿತು. ಹಳೇ ಕಾರ್ಬುರೇಟರ್ ಗಾಡಿ, ಚಳಿಯಲ್ಲಿ ಸ್ಟಾರ್ಟ್ ಆಗಲಿಲ್ಲ ಅಂದರೆ ನಂಬದವರು ಯಾರು, ಅವನು ಒಂದು ಕ್ಷಣ ಒಲೆಯ ಪಕ್ಕದ ಹೊದಿಕೆಯನ್ನೇ ನೋಡಿದ, ಆಗಲಿ ಬಿಡು, ಕುದುರೆ ಕಟ್ತೀನಿ ಅಂದ, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದ, ನಾನು ಮಾಂಸ ತಿಂದೆ, ತಿಂದೆ ಅನ್ನುವುದೇ ನನ್ನನ್ನು ಈಗ ತಿನ್ನುವುದು.

ಏಳು ಕಿಲೋಮೀಟರು ಹಿಮದ ಜಾರುಬಂಡಿಯಲ್ಲಿ, ಕಾರಿಗೆ ಇಪ್ಪತ್ತು ನಿಮಿಷ, ಕುದುರೆಗೆ ಎರಡು ಗಂಟೆ, ನೋವಿಗೆ ಅವಳು ಬಂಡಿಯ ಕಬ್ಬಿಣದ ಕಂಬಿ ಹಿಡಿದಳಂತೆ, ಕೈಗವಸು ಎಲ್ಲಿ ಬಿತ್ತೋ ಗೊತ್ತಿಲ್ಲವಂತೆ, ಮುಂದೆ ಕುದುರೆ ಹಿಡಿದು ನಡೆಯುತ್ತಿದ್ದವನಿಗೂ ಗೊತ್ತಾಗಲಿಲ್ಲ, ಪಟ್ಟಣದಲ್ಲಿ ಹೊಟ್ಟೆ ಕೊಯ್ದು ಉಳಿಸಿದರು, ಚಳಿಗೆ ಸತ್ತ ಬಲಗೈಯ ಮೂರು ಬೆರಳು ಉಳಿಯಲಿಲ್ಲ. ಜೀವ ಉಳಿಯಿತಲ್ಲ ಅಂತ ಊರೆಲ್ಲ ಹೇಳಿತು, ನಾನೂ ಹೇಳಿದೆ, ಸೇಬು ತೆಗೆದುಕೊಂಡು ಹೋಗಿ ನೋಡಿಬಂದೆ, ಅವಳು ಎಡಗೈಯಲ್ಲಿ ಚಹಾ ಬಗ್ಗಿಸಿ ಕೊಟ್ಟಳು, ಚೆಲ್ಲಿತು, ನಕ್ಕಳು, ಚಿಕ್ಕ ಮಗೂ ಹಾಗೆ ಮೊದಲಿಂದ ಶುರು ಮಾಡಬೇಕು ನೋಡು ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆದರೆ ಹೊರಗೆ ಬರುವಾಗ ಬಾಯ್ಕೆ ಬೇಲಿಯವರೆಗೆ ಬಂದು ನನ್ನ ತೋಳು ಹಿಡಿದ, ಓಮುರ್, ಅಕ್ಟೋಬರಿನಲ್ಲಿ ಆ ಕಾರ್ಬುರೇಟರ್ ಬಿಚ್ಚಿ ಕೂಡಿಸಿದ್ದು ನಾನು ತಾನೇ, ಮೈನಸ್ ಮೂವತ್ತರ ಚಳಿಗೂ ಅರ್ಧ ಸುತ್ತಿಗೇ ಸ್ಟಾರ್ಟ್ ಆಗುತ್ತೆ ಅಂತ ಹೇಳಿದ್ದು ನಾನು ತಾನೇ, ಎಲ್ಲೋ ನನ್ನ ಕೈಯೇ ತಪ್ಪಿದೆ, ಅದೇನಂತ ನೋಡದೆ ನಿದ್ದೆ ಬರ್ತಿಲ್ಲ, ಶುಕ್ರವಾರ ಬರ್ತೀನಿ. ಕಾರು ಅವನು ಹೇಳಿದ ಹಾಗೇ ಇತ್ತು, ಅವನು ಕುದುರೆ ಕಟ್ಟಿದ ಮರುದಿನವೇ ನೋಡಿದ್ದೆ, ಅರ್ಧ ಸುತ್ತಿಗೇ ಸ್ಟಾರ್ಟ್ ಆಗಿತ್ತು. ಹೇಳಬಹುದಿತ್ತು, ಬೇಲಿಯ ಹತ್ತಿರವೇ, ಎರಡು ಮಾತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಾನು, ಹೆಗಲು ಮುಟ್ಟಿಕೊಂಡೆ, ಬೇಲಿ ದಾಟಿದೆ. ಮನೆಗೆ ಬಂದು ಸುಳ್ಳನ್ನು ಇನ್ನೂ ದೊಡ್ಡದು ಮಾಡಿದೆ, ಶುಕ್ರವಾರ ಅವನು ಬಂದು ನೋಡಿದರೆ ಕಾರಿನಲ್ಲಿ ಏನೂ ತಪ್ಪಿರುವುದಿಲ್ಲವಲ್ಲ, ಏನಾದರೂ ಇರಬೇಕಲ್ಲ — ನಿನ್ನೆ ಸಂಜೆ ಬಾನೆಟ್ ಎತ್ತಿ ಚೋಕಿನ ತಂತಿ ಹಿಡಿದಿರುವ ಸ್ಕ್ರೂವನ್ನು ಒಂದೂವರೆ ಸುತ್ತು ಸಡಿಲ ಮಾಡಿದೆ, ಆ ತಂತಿ ಜಾರಿದರೆ ಚಳಿಯಲ್ಲಿ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ.

ಇವತ್ತು ಶುಕ್ರವಾರ, ಗೇಟು ಕಿರುಗುಟ್ಟಿತು, ಅವನೇ. ಪ್ಲಗ್ಗುಗಳನ್ನು ಚಿಂದಿಯಲ್ಲಿ ಸುತ್ತಿಕೊಂಡು, ಬ್ಯಾಟರಿ ಹೊತ್ತುಕೊಂಡು ಅಂಗಳಕ್ಕೆ ಬಂದೆ, ಮೂಗಿನ ಕೂದಲು ಒಳಗೇ ಹೆಪ್ಪುಗಟ್ಟುತ್ತದೆ, ಅವನು ಸಲಕರಣೆಯ ಚೀಲ ಇಳಿಸಿ, ಕೋಟಿನ ಒಳಗಿನಿಂದ ಮಡಿಸಿದ ಏನನ್ನೋ ತೆಗೆದು ಕೊಟ್ಟ, ಬಾತ್ಮಾ ಕಳಿಸಿದ್ದಾಳೆ, ಹಳೇದು ಸುಟ್ಟಿತ್ತಂತಲ್ಲ, ಬ್ಯಾಟರಿ ಬೆಚ್ಚಗಿದ್ರೆ ಇನ್ನೊಬ್ಬರಿಗಾದ್ರೂ ಕಾರು ಸಿಗುತ್ತೆ ಅಂದ್ಳು. ಹೊಸ ಹೊದಿಕೆ. ಅದೇ ಕೆಂಪು ಕೊಂಬು. ಕೊಂಬಿನ ಅರ್ಧದವರೆಗೆ ಹೊಲಿಗೆ ಸಾಲಾಗಿ ಬಂದಿದೆ, ಆಮೇಲೆ ಎಡಗೈಯದು, ಸೊಟ್ಟ, ದಪ್ಪ, ಒಂದು ಇಲ್ಲಿ ಒಂದು ಅಲ್ಲಿ — ನೋಡಲಾಗಲಿಲ್ಲ, ಮುಂದಿನ ಸೀಟಿನ ಮೇಲೆ ಹಾಕಿದೆ. ಬ್ಯಾಟರಿಯನ್ನು ಅದರ ಜಾಗದಲ್ಲಿಟ್ಟು ತಂತಿ ಸಿಕ್ಕಿಸಿದೆ, ಅವನು ಬಿಸಿ ಪ್ಲಗ್ಗುಗಳನ್ನು ತಿರುಗಿಸಿ ಕೂರಿಸಿದ, ಪಂಪಿನ ಸಣ್ಣ ಹಿಡಿಯನ್ನು ಕೈಯಲ್ಲೇ ಹತ್ತು ಸಲ ಒತ್ತಿ ಪೆಟ್ರೋಲ್ ಮೇಲೆ ತಂದ, ಗಾಳಿ ಶೋಧಿಸುವ ಡಬ್ಬಿ ಬಿಚ್ಚಿ ಕಾರ್ಬುರೇಟರಿನ ಬಾಯಿಯನ್ನು ಇಣುಕಿದ, ಚೋಕ್ ಎಳಿ ಅಂದ, ಎಳೆದೆ, ಗಾಳಿಬಾಯಿ ಮುಚ್ಚಬೇಕಾದ ತಗಡು ಅಲ್ಲಾಡಲಿಲ್ಲ, ಇನ್ನೊಮ್ಮೆ ಎಳಿ ಅಂದ, ತಂತಿ ಮಾತ್ರ ಜಾರಿತು. ಅವನು ಬಗ್ಗಿ ಸ್ಕ್ರೂ ಮುಟ್ಟಿದ. ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಮುಖ ಬೂದಿ ಬಣ್ಣ, ಟೋಪಿ ತೆಗೆದ, ಈ ಚಳಿಯಲ್ಲಿ, ನಲವತ್ತು ವರ್ಷ ಟ್ರ್ಯಾಕ್ಟರು ಬಿಚ್ಚಿದ ಕೈ ಓಮುರ್, ಒಂದು ಸ್ಕ್ರೂ ಬಿಗಿ ಮಾಡೋಕೆ ಆಗಲಿಲ್ಲ ನೋಡು, ಅವಳ ಬೆರಳು ನಾನೇ ಕತ್ತರಿಸಿದ ಹಾಗಾಯ್ತು, ಇವತ್ತೇ ಅವಳಿಗೆ ಹೇಳ್ತೀನಿ. ನನ್ನ ಬಾಯಲ್ಲಿ ಪೆಟ್ರೋಲಿನ ರುಚಿ. ಅವನು ಸ್ಕ್ರೂ ಬಿಗಿದ, ಬಿಗಿದದ್ದನ್ನೇ ಮತ್ತೆ ಬಿಗಿದ, ಕೂತ್ಕೋ, ಚೋಕ್ ಪೂರ್ತಿ ಎಳಿ, ಆಕ್ಸಿಲರೇಟರ್ ಒಂದೇ ಸಲ ಒತ್ತು, ಕ್ಲಚ್ ತುಳಿ, ತಿರುಗಿಸು.

ಕೂತೆ, ಹೊದಿಕೆಯನ್ನು ತೊಡೆಯ ಮೇಲೆ ಎತ್ತಿಕೊಂಡೆ, ಎಳೆದೆ, ಒತ್ತಿದೆ, ತುಳಿದೆ, ಕೀಲಿ ಬೆರಳಿಗೆ ಅಂಟುವಷ್ಟು ತಣ್ಣಗಿದೆ, ಗಾಜಿನಾಚೆ ಅವನು ಬರಿತಲೆಯಲ್ಲಿ ನಿಂತಿದ್ದಾನೆ, ಕೈ ಇಳಿಬಿಟ್ಟು, ತೀರ್ಪು ಕೇಳಲು ಬಂದವನ ಹಾಗೆ, ಈಗ ಇದು ಸ್ಟಾರ್ಟ್ ಆಗುತ್ತದೆ, ಅರ್ಧ ಸುತ್ತಿಗೇ ಆಗುತ್ತದೆ, ಆಗಿಬಿಟ್ಟರೆ ತಪ್ಪು ಆ ಸ್ಕ್ರೂವಿನದೇ ಎಂದಾಗುತ್ತದೆ, ಅವನು ಮನೆಗೆ ನಡೆದು ಹೋಗಿ ಅವಳ ಮುಂದೆ ಕೂತು ಹೇಳುತ್ತಾನೆ, ಸಾಯುವವರೆಗೂ ಅವಳ ಕೈ ನೋಡಿದಾಗಲೆಲ್ಲ, ಅವಳು ಚಹಾ ಚೆಲ್ಲಿದಾಗಲೆಲ್ಲ, ನಾನು ಬೇಲಿಯ ಈಚೆ ಬೆಚ್ಚಗೆ — ಒಂದು ಸುತ್ತು, ಅಷ್ಟೇ, ಬೂಟು ಕಳಚಿದ್ದೆ, ಅಷ್ಟೇ — ಕೊಟ್ಟಿಗೆಯ ಬಾಗಿಲಲ್ಲಿ ಗುಲ್ಸುನ್ ಹಾಲಿನ ಬಕೆಟ್ಟು ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದಾಳೆ. ಅವನು ಕಿಟಕಿಯ ಹತ್ತಿರ ಬಂದ, ಯಾಕೋ, ಆಗ್ಲಿಲ್ವಾ. ಗಾಜು ಇಳಿಸಿದೆ. ತಿರುಗಿಸಲೇ ಇಲ್ಲ ಬಾಯ್ಕೆ. ಅವತ್ತೂ ತಿರುಗಿಸಿರಲೇ ಇಲ್ಲ. ಸ್ಕ್ರೂ ನಿನ್ನೆ ನಾನೇ ಸಡಿಲ ಮಾಡಿದ್ದು. ಅವನು ಏನು ಹೇಳುತ್ತಾನೆ ಎಂದು ಕೇಳಿಸುತ್ತಿಲ್ಲ, ಹೇಳುತ್ತಿದ್ದಾನೋ ಇಲ್ಲವೋ, ತಲೆ ಎತ್ತಲಾಗುತ್ತಿಲ್ಲ, ತೊಡೆಯ ಮೇಲೆ ಕೆಂಪು ಕೊಂಬು, ಅರ್ಧದವರೆಗೆ ಸಣ್ಣ ಹೊಲಿಗೆ, ಅಲ್ಲಿಂದ ಸೊಟ್ಟ, ಅಲ್ಲಿಂದ ಸೊಟ್ಟ, ಅಲ್ಲಿಂದ