ರಜಾ ದಿನ ಬಾರದ ಕೆಮ್ಮು

ಮೆಟ್ಟಿಲ ಮೇಲೆ ಕೆಮ್ಮು ಕೇಳಿಸಿದರೆ ಸಾಕು, ಗಂಡ ಬಂದ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಬಾಗಿಲು ಬಡಿಯುವ ಅಗತ್ಯವೇ ಇರಲಿಲ್ಲ. ಮೂರನೇ ಮಹಡಿಯ ಮನೆ. ಮೊದಲ ತಿರುವಿನಲ್ಲಿ ಒಂದು ಸಲ ಕೆಮ್ಮು, ಎರಡನೇ ತಿರುವಿನಲ್ಲಿ ಕೂತು ಸುಧಾರಿಸಿಕೊಳ್ಳುವುದು, ಆಮೇಲೆ ಚಪ್ಪಲಿಯ ಸದ್ದು. ಅವಳು ಹೊಲಿಗೆ ಯಂತ್ರದಿಂದ ತಲೆ ಎತ್ತುತ್ತಿರಲಿಲ್ಲ. ಶಾಲೆ ಮಕ್ಕಳ ಸಮವಸ್ತ್ರ ಹೊಲಿದು ಹೊಲಿದು ಅವಳ ಬಲ ಭುಜವೇ ಬಿದ್ದುಹೋಗಿತ್ತು. ಇನ್ನೊಬ್ಬರ ಕೆಮ್ಮಿಗೆ ಮರುಗಲು ತ್ರಾಣ ಎಲ್ಲಿಂದ ತರಬೇಕು ಹೇಳಿ.

ಗಂಡ ಬೇಕರಿಯಲ್ಲಿ ಹಿಟ್ಟು ಕಲಸುವವನು. ಬೆಳಕು ಹರಿಯುವ ಮೊದಲೇ ಹೋದರೆ ಇಳಿಹೊತ್ತಿಗೆ ವಾಪಸು. ತಲೆಗೂದಲು, ಹುಬ್ಬು, ಅಂಗಿಯ ಜೇಬು, ಎಲ್ಲೆಲ್ಲೂ ಹಿಟ್ಟು. ಬಂದವನೇ ಗೋಡೆಗೆ ಒರಗಿ ಕೂತುಬಿಡುತ್ತಿದ್ದ.

"ನೀರಿನ ಕ್ಯಾನು ಕೆಳಗೇ ಇದೆ ರೀ. ತಂದ್ಕೊಡಿ ಅಂದಿದ್ದೆನಲ್ಲ."

"ಆಮೇಲೆ ತರ್ತೀನಿ ಕಣೇ. ಎದೆ ಹಿಡ್ದಂಗಿದೆ."

"ನಾನು ಕೆಲಸ ಹೇಳಿದ್ರೆ ಸಾಕು, ನಿಮ್ಮೆದೆ ಹಿಡ್ಕೊಂಡ್ಬಿಡುತ್ತೆ!"

ಹಾಗನ್ನಲು ಅವಳಿಗೂ ಕಾರಣವಿತ್ತು. ವಾರದ ರಜೆ ಬಂದರೆ ಇದೇ ಮನುಷ್ಯ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮೂರು ಮಹಡಿ ಹತ್ತುತ್ತಿದ್ದ. ಬೀರು ಸರಿಸಿ ಕಸ ಗುಡಿಸುತ್ತಿದ್ದ. ಕೆಮ್ಮು ಹೇಳಹೆಸರಿಲ್ಲ. ಮಾರನೇ ದಿನ ಕೆಲಸ ಮುಗಿಸಿ ಬಂದರೆ ಮತ್ತೆ ಅದೇ ಗೊರಗೊರ. "ಕೆಲಸದ ದಿನ ಕೆಮ್ಮು, ರಜಾ ದಿನ ಕುಸ್ತಿ! ಯಾರ ಕಿವಿ ಮೇಲೆ ಹೂ ಇಡ್ತೀರಿ?" ಎಂದು ಅವಳು ಬೈಯುತ್ತಿದ್ದಳು. ಅವನು ನಕ್ಕುಬಿಡುತ್ತಿದ್ದ. ಜಗಳಕ್ಕೂ ಉಸಿರು ಬೇಕಲ್ಲ.

ಡಾಕ್ಟರ ಹತ್ತಿರ ಹೋಗಿರಲಿಲ್ಲವೇ? ಹೋಗಿದ್ದ. ಬೇರೆ ದಿನ ಹೋದರೆ ಕೂಲಿ ಹೋಗುತ್ತದೆ ಎಂದು ರಜಾ ದಿನವೇ ಹೋಗಿದ್ದ. ಅವರು ಎದೆಗೆ ಕೊಳವೆ ಇಟ್ಟರೆ ಒಳಗೆ ಒಂದು ಸದ್ದಿಲ್ಲ. "ಈಗ ಹೇಗಿದೆ?" ಎಂದರೆ "ಈಗೇನಿಲ್ಲ ಡಾಕ್ಟ್ರೇ." "ಯಾವಾಗ ಬರುತ್ತೆ?" ಎಂದರೆ "ಹೀಗೇ... ಆಗಾಗ." ಆ ಕುರ್ಚಿಯ ಮೇಲೆ ಕೂತ ಕೂಡಲೇ ನಮ್ಮೆಲ್ಲರ ನಾಲಿಗೆಗೂ ಅದೇನಾಗುತ್ತದೋ! ಪಾಪ, ಅವರಾದರೂ ಏನು ಮಾಡಿಯಾರು, ಒಂದು ಸಿರಪ್ಪು ಬರೆದುಕೊಟ್ಟು ಕಳಿಸುತ್ತಿದ್ದರು.

ಒಂದು ದಿನ ಅವನು ಬಂದು ಕೂತು ಮೆಲ್ಲಗೆ ಹೇಳಿದ. "ಎರಡು ತಿಂಗಳಲ್ಲಿ ಕೆಮ್ಮು ವಾಸಿ ಮಾಡ್ಕೋ, ಇಲ್ದಿದ್ರೆ ಬೇರೆ ಕಡೆ ನೋಡ್ಕೋ ಅಂದ್ರು ಕಣೇ ಮಾಲೀಕರು. ಗಿರಾಕಿಗಳು ಬನ್ನು ಮುಟ್ಟಲ್ವಂತೆ."

ಅವಳ ಕೈ ನಿಂತಿತು. ಅವನ ಸಂಬಳ ನಿಂತರೆ ಬಾಡಿಗೆಗೆ ಏನು ಮಾಡುವುದು? ಸಿಟ್ಟೂ ಬಂತು, ಅಳುವೂ ಬಂತು. ಎರಡಕ್ಕೂ ಶಕ್ತಿಯಿರಲಿಲ್ಲ, ಮತ್ತೆ ಹೊಲಿಯತೊಡಗಿದಳು.

ಅಷ್ಟರಲ್ಲಿ ಕೆಳಗಿನ ಮನೆಯ ನರ್ಸಕ್ಕ ಬಂದರು, ಕಿತ್ತುಹೋದ ಆಸ್ಪತ್ರೆಯ ಕೋಟಿನ ಜೇಬು ಹೊಲಿಸಬೇಕಿತ್ತು. ಕೂತಷ್ಟು ಹೊತ್ತೂ ಅವನ ಕೆಮ್ಮನ್ನೇ ಕೇಳುತ್ತಿದ್ದರು.

"ಇದು ಯಾವಾಗ ಜಾಸ್ತಿ, ಯಾವಾಗ ಕಮ್ಮಿ ಅಂತ ಡಾಕ್ಟರಿಗೆ ಹೇಳಿದ್ದೀರಾ?"

"ಯಾರಿಗೆ ನೆನಪಿರುತ್ತೆ ಅಕ್ಕಾ?"

"ಹಾಗಾದ್ರೆ ಗುರುತು ಹಾಕಿಡಿ."

"ಕೈ ತುಂಬ ಹಿಟ್ಟು, ಬರೆಯೋದೆಲ್ಲಿ?" ಎಂದ ಅವನು.

"ಬರೀಬೇಡ್ರಪ್ಪಾ, ಮಾತಾಡಿ! ಫೋನಲ್ಲಿ ವಾಯ್ಸ್ ನೋಟ್ ಮಾಡಿಡಿ."

ಅವಳಿಗೆ ತಡೆಯಲಾಗಲಿಲ್ಲ. "ಮನೇಲಿ ಕೆಮ್ಮೋದು ಸಾಲ್ದು ಅಂತ ಫೋನಲ್ಲೂ ಕೆಮ್ಬೇಕಾ? ಸುಮ್ನಿರಿ ಅಕ್ಕಾ. ಮಾತಿಂದ ಯಾವ ರೋಗ ವಾಸಿ ಆಗಿದೆ?"

"ಮಾತಿಂದ ವಾಸಿ ಆಗಲ್ಲಮ್ಮ. ಆದ್ರೆ ಯಾವ ರೋಗ ಅಂತ ಡಾಕ್ಟರಿಗೆ ತಿಳೀಬೇಕಲ್ಲ?" ನರ್ಸಕ್ಕ ಫೋನು ಇಸಿದುಕೊಂಡು ತೋರಿಸಿಕೊಟ್ಟರು. "ಈ ಗುಂಡಿ ಒತ್ತಿ. ಯಾವ ದಿನ, ಯಾವ ಹೊತ್ತು ಹೇಳಿ. ಏನಾಗ್ತಿದೆ ಹೇಳಿ. ಅದಕ್ಕೆ ಮುಂಚೆ ಏನ್ ಮಾಡ್ತಿದ್ರಿ ಹೇಳಿ. ಔಷಧಿ ತಗೊಂಡಿದ್ರೆ ಅದನ್ನೂ ಸೇರಿಸಿ. ನಾಕು ಮಾತು ಸಾಕು. ಚೆನ್ನಾಗಿದ್ದ ದಿನಾನೂ ಬಿಡ್ಬೇಡಿ."

"ಚೆನ್ನಾಗಿದ್ರೆ ಹೇಳೋಕೇನಿದೆ?"

"ಚೆನ್ನಾಗಿದೀನಿ ಅಂತ ಹೇಳಿ, ಅದೂ ಬೇಕು. ಇನ್ನೊಂದು ಮಾತು. ಉಸಿರೇ ಸಿಗ್ತಿಲ್ಲ, ಮಾತೇ ಹೊರಡ್ತಿಲ್ಲ, ತುಟಿ ನೀಲಿ ಆಗ್ತಿದೆ ಅಂದ್ರೆ ಫೋನು ಹಿಡ್ಕೊಂಡು ಕೂರ್ಬೇಡಿ. ನೇರ ಆಸ್ಪತ್ರೆಗೆ ಓಡಿ."

ಶುರುವಿನಲ್ಲಿ ಅವನಿಗೆ ನಾಚಿಕೆಯೋ ನಾಚಿಕೆ. ಮೊದಲ ನೋಟಿನಲ್ಲಿ ಇದ್ದದ್ದು ಇಷ್ಟೇ: "ಹಲೋ... ಹಲೋ... ಯಾರೂ ಮಾತಾಡ್ತಿಲ್ವಲ್ಲ?" ಇನ್ನೊಂದನ್ನು ಕೈತಪ್ಪಿ ಬೇಕರಿಯವರ ವಾಟ್ಸಾಪ್ ಗುಂಪಿಗೇ ಕಳಿಸಿಬಿಟ್ಟ. ಅಲ್ಲಿನವರು ವಾರವಿಡೀ ಅವನ ಹಾಗೆ ಕೆಮ್ಮಿ ಕೆಮ್ಮಿ ನಕ್ಕರು. ಆಮೇಲೆ ನರ್ಸಕ್ಕ, ಯಾರಿಗೂ ಹೋಗದಂತೆ ಫೋನಿನ ರೆಕಾರ್ಡರಿನಲ್ಲೇ ಉಳಿಸುವುದನ್ನು ಕಲಿಸಿದರು. ಅವನು ಬಿಡದೆ ಹೇಳಿಡತೊಡಗಿದ. ಒಂದು ತಿಂಗಳು ಹೀಗೇ ಹೋಯಿತು.

ಮುಂದಿನ ಸಲ ಡಾಕ್ಟರ ಹತ್ತಿರ ಅವಳೂ ಹೋದಳು. ಹೊಲಿಗೆ ಹಾಗೇ ಬಿದ್ದಿದೆ, ಇದೊಂದು ದಂಡ ಎಂದು ದಾರಿಯುದ್ದಕ್ಕೂ ಗೊಣಗಿದಳು. ಅಂದೂ ರಜಾ ದಿನವೇ. ಡಾಕ್ಟರಮ್ಮ "ಈಗ ಹೇಗಿದೆ?" ಎಂದರು. ಅವನು ಎಂದಿನ ಹಾಗೆ "ಈಗೇನಿಲ್ಲ..." ಎಂದು ಶುರುಮಾಡಿದ. ಅವಳು ಮೊಣಕೈಯಲ್ಲಿ ತಿವಿದಳು. ಅವನು ಫೋನು ತೆಗೆದು ಮೇಜಿನ ಮೇಲಿಟ್ಟ.

"ಇವತ್ತು ಮಂಗಳವಾರ... ಬೆಳಿಗ್ಗೆ. ಮೈದಾ ಮೂಟೆ ಬಿಚ್ಚಿ... ಯಂತ್ರಕ್ಕೆ... ಸುರಿದೆ. ಎದೆ... ಬಿಗೀತಿದೆ. ಒಳಗೆ... ಸೀಟಿ ಊದ್ದಂಗೆ..."

ಮಾತು ಮಾತಿಗೂ ನಡುವೆ ಸುಯ್ಯೆನ್ನುವ ಉಸಿರು. ಅವಳು ಫೋನಿನ ಕಡೆ ಬಾಗಿದಳು. ಮನೆಗೆ ಬರುವ ಹೊತ್ತಿಗೆ ಇದರಲ್ಲಿ ಅರ್ಧ ಇಳಿದಿರುತ್ತಿತ್ತು. ಮಿಕ್ಕ ಅರ್ಧವನ್ನು ಅವಳು ನಾಟಕ ಎಂದುಕೊಂಡಿದ್ದಳು.

ಮುಂದಿನದು ಅದೇ ದಿನ ಸಂಜೆ ಮನೆಯಲ್ಲಿ ಮಾಡಿದ್ದು. ಅವನ ಮಾತಿನ ಹಿಂದೆ ಹೊಲಿಗೆ ಯಂತ್ರದ ಟರ್ರ್ ಸದ್ದು. ಆ ಸದ್ದನ್ನೂ ಸೀಳಿಕೊಂಡು ಒಂದು ಹೆಂಗಸಿನ ದನಿ: "ಕೆಲಸದ ದಿನ ಕೆಮ್ಮು, ರಜಾ ದಿನ ಕುಸ್ತಿ! ಯಾರ ಕಿವಿ ಮೇಲೆ ಹೂ ಇಡ್ತೀರಿ?"

ಭೂಮಿ ಬಾಯಿಬಿಟ್ಟಿದ್ದರೆ ಅವಳು ಒಳಗಿಳಿದುಬಿಡುತ್ತಿದ್ದಳು. ಅವನು ಗಾಬರಿಯಾಗಿ ಫೋನಿಗೆ ಕೈ ಹಾಕಿದ.

"ನಿಲ್ಲಿ. ಅದನ್ನ ಇನ್ನೊಂದ್ಸಲ ಹಾಕಿ," ಎಂದರು ಡಾಕ್ಟರಮ್ಮ.

ಇನ್ನೊಂದು ಸಲ ಕೇಳಿಸಿತು. ಅವಳು ತಲೆ ತಗ್ಗಿಸಿದಳು. "ನಾನೇ ಡಾಕ್ಟ್ರೇ. ಸುಸ್ತಾಗಿತ್ತು... ಏನೋ ಬಾಯಿಗೆ ಬಂದಿದ್ದು..."

"ಬೇಜಾರು ಮಾಡ್ಕೋಬೇಡಿ ತಾಯಿ. ರಜಾ ದಿನ ನಿಜವಾಗ್ಲೂ ಚೆನ್ನಾಗಿರ್ತಾರಾ?"

"ಕುದುರೆ ಥರ ಓಡಾಡ್ತಾರೆ."

ರಜಾ ದಿನಗಳ ನೋಟುಗಳನ್ನು ಹಾಕಿಸಿದರು. ಮಗಳ ಕೇಕೆ, ಅವನ ನಗು, ಒಂದೇ ಉಸಿರಿಗೆ ಹೇಳಿದ ಮಾತು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ನೀವು ಬರೋದು ಯಾವಾಗ್ಲೂ ರಜಾ ದಿನ. ಹಾಗಾಗಿ ಇಲ್ಲೀವರೆಗೂ ನಾನು ನೋಡಿದ್ದು ಆರೋಗ್ಯವಾಗಿರೋ ಮನುಷ್ಯನ್ನ. ಕಾಯಿಲೆಯವನನ್ನ ನೋಡಿರೋದು ನಿಮ್ಮ ಹೆಂಡ್ತಿ ಮಾತ್ರ." ಆಮೇಲೆ ನಿಧಾನವಾಗಿ ಹೇಳಿದರು. "ಹಿಟ್ಟಿನ ಧೂಳಿಂದ ಬರೋ ಉಬ್ಬಸ ಇರಬಹುದು ಅನ್ಸುತ್ತೆ. ಉಸಿರಿನ ಬಲ ಅಳೆಯೋಕೆ ಊದೋ ಪರೀಕ್ಷೆ ಮಾಡೋಣ. ಕೆಲಸದ ದಿನಾನೂ ಮಾಡ್ಬೇಕು."

ಪರೀಕ್ಷೆಯಲ್ಲೂ ಅದೇ ಗೊತ್ತಾಯಿತು. ಇನ್ಹೇಲರಿನಲ್ಲಿ ಎಳೆದುಕೊಳ್ಳುವ ಔಷಧಿ ಕೊಟ್ಟರು, ಧೂಳಿನಿಂದ ದೂರ ಇರಿ ಎಂದರು. ಬೇಕರಿಗೆ ಅವಳೇ ಹೋಗಿ ಮಾಲೀಕನ ಎದುರು ಆ ಮಂಗಳವಾರದ ನೋಟು ಹಾಕಿದಳು. ಆತ ಮುಖ ಗಂಟಿಕ್ಕಿಕೊಂಡೇ ಕೇಳಿಸಿಕೊಂಡ. ಕೊನೆಗೆ ಇವನನ್ನು ಮೂಟೆಯ ಕೆಲಸದಿಂದ ಬಿಡಿಸಿ ಬ್ರೆಡ್ಡು ಕಟ್ಟುವ ಕಡೆ ಹಾಕಿದ. ಕೆಮ್ಮು ಪೂರ್ತಿ ಹೋಗಿಲ್ಲ. ಮೆಟ್ಟಿಲ ತಿರುವಿನಲ್ಲಿ ಕೂರುವುದು ತಪ್ಪಿದೆ.

ಅಂದು ಡಾಕ್ಟರ ಬಳಿಯಿಂದ ವಾಪಸು ಬರುವಾಗ ಅವಳು ಕೇಳಿದ್ದಳು. "ಇಷ್ಟು ಕಷ್ಟ ಆಗ್ತಿದೆ ಅಂತ ಒಂದು ಮಾತು ಹೇಳ್ಬಾರ್ದಿತ್ತಾ ರೀ?"

"ಹೇಳ್ತಾನೇ ಇದ್ನಲ್ಲ ಕಣೇ," ಎಂದ ಅವನು. ಅವಳ ಮುಖ ನೋಡಿ ತಾನೇ ಸೇರಿಸಿದ. "ಯಂತ್ರದ ಸದ್ದಲ್ಲಿ ಕೇಳಿಸ್ಲಿಲ್ವೇನೋ."

ಆ ಮಾತು ಅವಳನ್ನು ಇನ್ನೂ ಚುಚ್ಚುತ್ತದೆ. ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಮೊನ್ನೆ ಸಂಜೆ ಹೊಲಿಯುತ್ತಾ ಹೊಲಿಯುತ್ತಾ ಅವಳು ಭುಜ ಹಿಡಿದುಕೊಂಡಳು. ಅವನು ಎದ್ದು ಬಂದು ಯಂತ್ರದ ಹಲಗೆಯ ಮೇಲೆ ಫೋನಿಟ್ಟ.

"ಈಗ ನೀನು ಹೇಳು."

"ನಂಗೇನಾಗಿದೆ ಧಾಡಿ?"

"ಅದನ್ನೇ ಹೇಳು."

ಅವಳು ಫೋನು ನೋಡಿದಳು. ಆಮೇಲೆ ಯಂತ್ರ ನಿಲ್ಲಿಸಿದಳು. "ಇವತ್ತು ಶುಕ್ರವಾರ. ಸಂಜೆ. ಕಾಲರ್ ಹೊಲೀತಿದ್ದೆ. ಬಲಗೈ ಮೇಲಕ್ಕೆ ಏಳ್ತಿಲ್ಲ..." ಅಷ್ಟು ಹೇಳಿ ಎಡಗೈಯಲ್ಲಿ ಭುಜ ಒತ್ತಿಕೊಂಡಳು. ಎಷ್ಟು ವರ್ಷವಾಗಿತ್ತೋ, ಯಾರಿಗೂ ಹೇಳಿರಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮಗೂ ಸುಸ್ತಾಗಿದೆ, ಗೊತ್ತು. ಬರೆಯಲು ಪುರುಸೊತ್ತಿಲ್ಲ, ಅದೂ ಗೊತ್ತು. ಕೈಯಲ್ಲಿ ಫೋನಿದೆಯಲ್ಲ, ನಾಲ್ಕು ಮಾತು ಹೇಳಿಡಿ. ಯಾವ ಹೊತ್ತು, ಏನಾಯಿತು, ಅದಕ್ಕೆ ಮುಂಚೆ ಏನು ಮಾಡುತ್ತಿದ್ದಿರಿ, ಯಾವ ಔಷಧಿ ತಗೊಂಡಿರಿ. ಚೆನ್ನಾಗಿದ್ದ ದಿನವನ್ನೂ ಹೇಳಿ. ಡಾಕ್ಟರ ಮುಂದೆ ನಾಲಿಗೆ ಕಟ್ಟಿದರೆ ಅದನ್ನೇ ಹಾಕಿ ಕೇಳಿಸಿ. ತೀರಾ ಕಷ್ಟವಾದರೆ ಮಾತ್ರ ಏನನ್ನೂ ಹೇಳಿಡುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಇನ್ನು ಮನೆಯಲ್ಲಿ ಯಾರಾದರೂ "ಮೈ ಸರಿಯಿಲ್ಲ" ಎಂದರೆ, ದಯವಿಟ್ಟು ಯಂತ್ರ ನಿಲ್ಲಿಸಿ ಕೇಳಿ.